ಬಸ್ಸಿನ ಹೊತ್ತಿನ ಹೊಟ್ಟೆನೋವು

"ಸ್ಕೂಲ್ ಬಸ್ಸು ಬರೋ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಅಂತಾಳೆ ಮೇಡಂ. ಸ್ಕ್ಯಾನಿಂಗಲ್ಲಿ ಏನೂ ಇಲ್ಲ. ಬರೀ ನಾಟಕ," ಅಂದಳು ಅಮ್ಮ. ಆಪ್ತಸಮಾಲೋಚಕಿ ಕೇಳಿದ್ದು ಮಗಳನ್ನು.

ಹದಿಮೂರರ ಹುಡುಗಿ ಸೋಫಾದ ದಿಂಬನ್ನು ತಬ್ಬಿ ಕೂತಿದ್ದಳು. ಹಿಂದಿನ ಭೇಟಿಗಳಲ್ಲಿ, ಅಮ್ಮ ಹೊರಗೆ ಕಾಯುತ್ತಿದ್ದಾಗ, ಸಮಾಲೋಚಕಿಯ ಮುಂದೆ ಎಲ್ಲವನ್ನೂ ಅತ್ತು ಹೇಳಿದ್ದಳು. ಇವತ್ತು ಅಮ್ಮನಿಗೇ ಹೇಳಿಬಿಡ್ತೀನಿ ಅಂತ ಹಟ ಹಿಡಿದವಳೂ ಅವಳೇ. "ಗಂಟಲು ಕಟ್ಟಿದ್ರೆ ನಿಲ್ಲಿಸು. ಉಸಿರು ಬಿಟ್ಟು ಮತ್ತೆ ಶುರುಮಾಡು, ಅವಸರ ಏನಿಲ್ಲ," ಅಂದಿದ್ದರು ಅವರು.

ಹುಡುಗಿ ದಿಂಬನ್ನು ಪಕ್ಕಕ್ಕಿಟ್ಟಳು. "ಅಮ್ಮಾ, ನೋವು ನಿಜ. ಆವತ್ತು ನಾನು ಸ್ಕೂಲಿಂದ ಬಂದಾಗ ನೀನು ಅಡುಗೆಮನೇಲಿ ಎಚ್ಚರ ತಪ್ಪಿ ಬಿದ್ದಿದ್ದೆ."

"ಅಯ್ಯೋ, ಅದು ಬಿಪಿ ಕಣೇ! ಈಗ ನೋಡು, ಗುಂಡುಕಲ್ಲಿನ ಹಾಗಿದ್ದೀನಿ..."

"ನಾನಿನ್ನೂ ಮುಗಿಸಿಲ್ಲ ಅಮ್ಮಾ." ದನಿ ನಡುಗಿತು. ಸುಮ್ಮನಾಗಿ ಉದ್ದಕ್ಕೆ ಉಸಿರು ಬಿಟ್ಟಳು. "ನಾನು ಬಸ್ಸು ಹತ್ತಿದ್ರೆ ನೀನು ಮತ್ತೆ ಬೀಳ್ತೀಯ, ಎತ್ತೋಕೆ ಯಾರೂ ಇರಲ್ಲ ಅನ್ಸುತ್ತೆ. ಅದಕ್ಕೇ ಹೊಟ್ಟೆ ಹಿಂಡುತ್ತೆ. ಆದ್ರೆ ನನಗೆ ಸ್ಕೂಲಿಗೆ ಹೋಗಬೇಕು. ಹೋಗೇ ಹೋಗ್ತೀನಿ. ನೀನು ಮೊದಲು ನನ್ನ ಮಾತು ಪೂರ್ತಿ ಕೇಳು."

ಅಮ್ಮನ ನಾಲಗೆಯ ತುದಿಯಲ್ಲಿ ಸಮಾಧಾನದ ಮಾತುಗಳು ಸಾಲುಗಟ್ಟಿ ನಿಂತಿದ್ದವು. ಸಮಾಲೋಚಕಿಯತ್ತ ನೋಡಿದಳು, ಅವರು ಕಣ್ಣಲ್ಲೇ ಹುಡುಗಿಯ ಕಡೆ ತೋರಿಸಿದರು. ಅಮ್ಮ ಎಲ್ಲವನ್ನೂ ನುಂಗಿಕೊಂಡು, ಕುರ್ಚಿಯಿಂದ ಎದ್ದು ಬಂದು ಮಗಳ ಪಕ್ಕ ಕೂತಳು.

"ಆಮೇಲೆ?" ಅಂದಳು. "ಹೇಳು ಪುಟ್ಟೀ."