ದುಂಡು ಶಿಕ್ಕಾ

“ಇದರ ಮ್ಯಾಲ ಶಿಕ್ಕಾ ಎಲ್ಲದರಿ?” ಶಹಾಬಾದಿನ ಕಲ್ಲಿನ ವ್ಯಾಪಾರಿ ಬಾಬುಮಿಯಾ, ಬಿರುಕು ಹುಡುಕಲು ಫರಸಿ ಕಲ್ಲನ್ನು ಬಡಿಯುವಂತೆ, ಪ್ರಿಂಟಾದ ಹಾಳೆಯನ್ನು ಬೆರಳಗಂಟಿನಿಂದ ಬಡಿದರು.

“ಈಗ ವ್ಯಾಟ್ ರಿಟರ್ನ್ ಕಂಪ್ಯೂಟರ್‌ದಾಗೇ ಹೋಗ್ತದ್ರಿ ಸಾಹೇಬ್ರ. ನಂಬರ್ ಬರ್ತದ, ಶಿಕ್ಕಾ ಇರಂಗಿಲ್ಲ,” ಎಂದರು ಅವರ ಟ್ಯಾಕ್ಸ್ ಕೆಲಸ ನೋಡುವ ವಿಠ್ಠಲರಾವ್.

“ನಂಬರ್ ಯಾರರ ಬರೀತಾರ. ಪ್ರತಿ ಸಲ ನೀವು ಟ್ಯಾಕ್ಸ್ ಆಫೀಸಿಗಿ ಹೋಗಿ ದುಂಡು ಶಿಕ್ಕಾ ಹೊಡಿಸ್ಕೊಂಡು ಬರ್ತಿದ್ರಿ. ಅದಿಲ್ದೆ ನಾ ಏಳಂಗಿಲ್ಲ.”

ಅರ್ಧ ಗಂಟೆ ಹೇಳಿ ಸೋತ ವಿಠ್ಠಲರಾವ್ ರೇಗಿ ಟೇಬಲ್ಲಿನ ಖಾನೆ ಎಳೆದರು, ಮೊಹರು ತೆಗೆದು ಹಾಳೆಯ ಮೇಲೆ ಗುದ್ದಿದರು. “ತಗೋರಿ! ಈಗರ ಸಮಾಧಾನ ಆಯ್ತಾ?”

ಬಾಬುಮಿಯಾ ಹಸಿ ಮಸಿಯನ್ನೇ ನೋಡಿದರು. ಹಳೆಯ ರಿಟರ್ನುಗಳ ಫೈಲನ್ನು ಮೆಲ್ಲಗೆ ಬಿಚ್ಚಿದರು. ಹಾಳೆ ಹಾಳೆಯಲ್ಲೂ ಅದೇ ದುಂಡು ಮೊಹರು, ಅಂಚಿನಲ್ಲಿ ಅದೇ ಮುಕ್ಕು.

“ರಾಯರ, ಆಫೀಸಿನ ಶಿಕ್ಕಾ ನಿಮ್ಮ ಖಾನೆದಾಗ ಹ್ಯಾಂಗ ಬಂತ್ರಿ?”