ಅರ್ಥ ಕೊಟ್ಟ ಮಾತು

ಗುರುಪಾದ ಹಂಚಿನಮನಿ ತನ್ನ ಇಂಗ್ಲಿಷ್ ಕಾದಂಬರಿಯಲ್ಲಿ ಯಾವ ಕನ್ನಡ ಮಾತಿಗೆ ಅರ್ಥ ಕೊಟ್ಟರೂ, ಅದು ಆ ಕ್ಷಣವೇ ಧಾರವಾಡದವರ ಬಾಯಿಂದ ಹೊರಟುಹೋಗುತ್ತಿತ್ತು. ಜನ ಅದಕ್ಕೆ ಒಗ್ಗಿಹೋಗಿದ್ದರು. ಹಿಂದಿನ ಕಾದಂಬರಿಗೆ ‘ಒಗ್ಗರಣೆ’ ಹೋದಮೇಲೆ ಹೆಂಗಸರು ಸಾರಿಗೆ ‘ಚುಂಯ್’ ಕೊಡುತ್ತಿದ್ದರು. ಅವನು ಪದ ಕೊಟ್ಟು ಪದಕ ತಂದವನು, ಊರಿಗೂ ಹೆಮ್ಮೆಯೇ.

ಇವತ್ತು ಲಂಡನ್ನಿನ ಸಂಪಾದಕಿ ಫೋನಿನಲ್ಲಿದ್ದಳು. ಹೊಸ ಕಾದಂಬರಿಯ ಕಥೆ ಹಿಂದುಮುಂದಾಗಿರುವುದಕ್ಕೂ, ಅದರೊಳಗಿನ ಕಾದಂಬರಿಕಾರ ನಡುವೆಯೇ ಸಾಯುವುದಕ್ಕೂ ಅವಳ ತಕರಾರಿರಲಿಲ್ಲ.

“ಅದೆಲ್ಲ ಆಧುನಿಕೋತ್ತರ, ಚೆಂದ. ಆದರೆ ‘ಹೋಗಿ ಬರ್ತೇನಿ’ ಅಂದರೇನು? ಅದು ತಿಳಿಯದೆ ಪುಸ್ತಕ ಅಚ್ಚಿಗೆ ಹೋಗುವುದಿಲ್ಲ.”

ಒಳಗೆ ಕಸ್ತೂರಕ್ಕ ಎದೆಯ ಆಪರೇಷನ್ನಿಗೆ ಹೊರಡಲು ಚೀಲ ತುಂಬುತ್ತಿದ್ದಳು. ತಾಯಿ ಸತ್ತಮೇಲೆ ಅವನನ್ನು ಸಾಕಿದವಳು ಅವಳೇ.

“ನಾಳೆ ಹೇಳಿದರೆ?” ಎಂದ ಗುರುಪಾದ.

“ಇವತ್ತೇ. ಇಲ್ಲದಿದ್ದರೆ ಬಹುಮಾನದ ಗಡುವು ಮುಗಿಯುತ್ತದೆ.”

“ಇನ್ನೂ ಫೋನಿನ್ಯಾಗ ಅದೀಯೇನೋ?” ಅಕ್ಕ ಒಳಗಿಂದಲೇ ಕೂಗಿದಳು. “ಆಕಿಗೆ ಏನ ಬೇಕೋ ಕೊಟ್ಟು ಬಾರೋ ಮಾರಾಯಾ, ಕಾರು ನಿಂತೈತಿ.”

ಗುರುಪಾದ ದನಿ ತಗ್ಗಿಸಿ ಹೇಳಿದ: “ಅದು ಬೀಳ್ಕೊಳ್ಳುವ ಮಾತು. ಹೊರಟವರು ಮರಳುವ ಭರವಸೆ ಕೊಡುತ್ತಾರೆ.”

ಅಕ್ಕ ಹೊಸ್ತಿಲಲ್ಲಿ ನಿಂತಳು. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

“ಹೋಗ್ತೇನಪಾ,” ಅಂದಳು. ಅಂದದ್ದಕ್ಕೆ ತಾನೇ ಬೆಚ್ಚಿ ಅವನ ಮುಖ ನೋಡಿದಳು.

ಮರುಮಾತೊಂದನ್ನು ಅವನು ಆಡಲೇಬೇಕಿತ್ತು. ಎಷ್ಟು ತಡಕಿದರೂ ನಾಲಿಗೆಗೆ ಸಿಕ್ಕಿದ್ದು ಅರ್ಧವೇ.

“ಹೋಗಕ್ಕಾ.”