ಸಂಸ್ಥಾಪಕರ ಸ್ಮರಣೆ

“ಸತ್ತವರು ತಿರುಗಿ ಬರುವುದಿಲ್ಲ” ಎಂದು ಡಾಕ್ಟರಮ್ಮ ಭಾಷಣ ಮುಗಿಸುತ್ತಿದ್ದಂತೆ, ಅವಳ ಸತ್ತ ಗಂಡ ಬಾಗಿಲು ತಳ್ಳಿಕೊಂಡು ಒಳಗೆ ಬಂದ.

ಚಪ್ಪಾಳೆಗೆ ಎತ್ತಿದ ಕೈಗಳು ಗಾಳಿಯಲ್ಲೇ ನಿಂತವು. ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ ಲೆಕ್ಕದ ಮೇಷ್ಟ್ರು ಮಾತ್ರ ಜೋರಾಗಿ ತಟ್ಟಿದರು.

ಅದು ಮಾನವತಾವಾದಿಗಳ ಬಳಗದ ಭಾನುವಾರದ ಸಭೆ. ಸೈಕಲ್ ಅಂಗಡಿಯ ಮೇಲಿನ ಕೋಣೆ, ಬೀದಿ ಕಡೆಗೊಂದು ಬಾಲ್ಕನಿ, ಮಡಚುವ ಕುರ್ಚಿಗಳು, ಫ್ಲಾಸ್ಕಿನಲ್ಲಿ ಚಹಾ. ಬಳಗ ಕಟ್ಟಿದವನು ಈ ಗಂಡನೇ. ಕೆಲವು ವರ್ಷಗಳ ಹಿಂದೆ ಅವನಿದ್ದ ದೋಣಿ ಕೆರೆಯಲ್ಲಿ ಮಗುಚಿತು. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಹಲ್ಲಿನ ಡಾಕ್ಟರಾದ ಅವನ ಹೆಂಡತಿ ಬಳಗದ ಅಧ್ಯಕ್ಷೆಯಾದಳು. ವರ್ಷಕ್ಕೊಂದು ಭಾನುವಾರವನ್ನು ಅವನ ನೆನಪಿಗೆಂದು ಮೀಸಲಿಟ್ಟರು. ಇವತ್ತು ಆ ಭಾನುವಾರ.

“ಅಣ್ಣಾ!” ಎಂದು ಡಾಕ್ಟರಮ್ಮನ ನಾದಿನಿ ಎದ್ದು ನಿಂತವಳು ಹಾಗೇ ಕುರ್ಚಿಗೆ ಕುಸಿದಳು.

ಬಂದವನ ತಲೆ ಬೋಳು, ಗಡ್ಡ ಹೊಟ್ಟೆಯವರೆಗೆ. ಹೋಗುವಾಗ ಕಡ್ಡಿಯಂತಿದ್ದವನು ಈಗ ಬಾಗಿಲು ತುಂಬುವಷ್ಟಿದ್ದ. ಅಚ್ಚ ಬಿಳಿ ಬಟ್ಟೆ.

“ಒಂದ್ನಿಮಿಷ,” ಎಂದು ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡರು. “ಸಾಕ್ಷಿ ಇಲ್ದೆ ಏನನ್ನೂ ಒಪ್ಪಬಾರದು ಅಂತ ನಮಗೆ ಹೇಳಿಕೊಟ್ಟಿದ್ದೇ ನೀವು. ನೀವು ನೀವೇ ಆಗಿದ್ರೆ ಬೇಜಾರು ಮಾಡ್ಕೋಬೇಡಿ. ಸಾಕ್ಷಿ ಕೊಡಿ.”

“ನನ್ನ ಹತ್ರ ಏನೂ ಇಲ್ಲ,” ಎಂದ ಅವನು.

“ನಿಮ್ಮ ಮದುವೆ ಯಾವ ತಿಂಗಳಲ್ಲಿ ಆಗಿದ್ದು?” ನಾದಿನಿ ಕೇಳಿದಳು.

“ಮರೆತಿದೆ.”

“ಹಾಗಾದ್ರೆ ನಮ್ಮಣ್ಣನೇ.”

“ಅದು ಸಾಕ್ಷಿ ಆಗಲ್ಲಮ್ಮ,” ಎಂದರು ಮೇಷ್ಟ್ರು. “ನನಗೂ ನೆನಪಿಲ್ಲ.”

ಹಿಂದಿನ ಸಾಲಿನಿಂದ ಯಾರೋ ಮತಕ್ಕೆ ಹಾಕೋಣ ಎಂದರು. ಸತ್ಯವನ್ನು ಮತ ಹಾಕಿ ತೀರ್ಮಾನಿಸಲಾಗದು ಎಂದು ಇನ್ಯಾರೋ ತಿರುಗಿಬಿದ್ದರು. ಕೊನೆಗೆ, ಮತಕ್ಕೆ ಹಾಕಬೇಕೋ ಬೇಡವೋ ಎಂಬುದನ್ನೇ ಮತಕ್ಕೆ ಹಾಕಿದರು. ಸಮಸಮ ಬಿತ್ತು. ಬಂದವನು ಇದೆಲ್ಲ ತನಗೆ ಸಂಬಂಧಿಸಿದ್ದೇ ಅಲ್ಲ ಎನ್ನುವಂತೆ ಗಡ್ಡ ನೀವಿಕೊಳ್ಳುತ್ತ ನಿಂತಿದ್ದ.

ಡಾಕ್ಟರಮ್ಮ ಕಿಟಕಿಯ ಬಳಿ ಒಂದು ಕುರ್ಚಿ ಎಳೆದಳು.

“ಕೂತ್ಕೊಂಡು ಬಾಯಿ ತೆಗೀರಿ.”

ಅವನು ಮೊದಲ ಸಲ ಗಲಿಬಿಲಿಗೊಂಡ. “ಹಲ್ಲು ಯಾಕೆ? ಅದೆಲ್ಲ ಬೇಡ. ನಿನ್ನ ಬಾಯಿಗೆ ಏನು ಬರುತ್ತೋ ಅದನ್ನ ಹೇಳು, ಸಾಕು.”

ಸದಸ್ಯರು ಮುಖ ಮುಖ ನೋಡಿಕೊಂಡರು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡರು.

“ತೆಗೀರಿ ಅಂದೆ.”

ನಾದಿನಿ ಮೊಬೈಲಿನ ಬೆಳಕು ಹಿಡಿದಳು. ಕೆಳಗಿನ ಸಾಲು, ಎಡಗಡೆ, ಕೊನೆಯ ದವಡೆ ಹಲ್ಲು. ಅದಕ್ಕೆ ಡಾಕ್ಟರಮ್ಮ ತಾನೇ ಕ್ಯಾಪ್ ಕೂರಿಸಿದ್ದಳು. ಅವತ್ತು ಅವನು ಬಾಯಿ ತೆರೆದುಕೊಂಡೇ ವಾದಿಸುತ್ತಿದ್ದರಿಂದ ಕ್ಯಾಪ್ ಚೂರು ಓರೆಯಾಗಿ ಕೂತಿತ್ತು. ಈಗಲೂ ಓರೆಯಾಗಿಯೇ ಇತ್ತು.

ಸಾವೇ ಕೊನೆ ಎಂದು ಭಾಷಣ ಮಾಡಿ, ಮನೆಗೆ ಹೋಗಿ ಇಬ್ಬರಿಗಾಗುವಷ್ಟು ಅಡುಗೆ ಮಾಡಿ, ಒಬ್ಬಳೇ ಉಂಡವಳು ಅವಳು.

“ಎಲ್ಲಿ ಸತ್ತಿದ್ರಿ ಇಷ್ಟು ದಿನ?” ಎಂದಳು, ಅವನಿಗೆ ಮಾತ್ರ ಕೇಳಿಸುವಂತೆ.

ಅವಳ ಬೆರಳು ಅವನ ಬಾಯಲ್ಲೇ ಇದ್ದುದರಿಂದ ಉತ್ತರ ಬರಲಿಲ್ಲ. ಉತ್ತರ ಬೀದಿಯಿಂದ ಬಂತು. ನೂರಾರು ಗಂಟಲುಗಳು ಒಟ್ಟಿಗೆ ಜಯಕಾರ ಹಾಕಿದವು. ಡಾಕ್ಟರಮ್ಮ ಕಿಟಕಿಯಿಂದ ಬಗ್ಗಿ ನೋಡಿದಳು. ಬೀದಿ ತುಂಬ ಬಿಳಿ ಬಟ್ಟೆಯ ಜನ, ಅವರ ಹಿಂದೆ ಸಾಲು ಬಸ್ಸು. ಮೊದಲ ಬಸ್ಸಿನ ಮೇಲೆ ಆಳೆತ್ತರದ ಚಿತ್ರದಲ್ಲಿ ಇದೇ ಗಡ್ಡ. ಕೆಳಗೆ ದಪ್ಪಕ್ಷರ: ‘ಸಾವನ್ನು ಗೆದ್ದು ಬಂದ ಗುರು’.

ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

“ಓಹೋ, ಇದಕ್ಕಾ ಬಂದಿದ್ದು? ಸತ್ತವರು ಇವರೇ ಅಂತ ನಾನು ಹೇಳಿದ್ರೆ, ಎದ್ದು ಬಂದಿದ್ದೂ ಖಾತ್ರಿ ಆಯ್ತು. ಅಲ್ವಾ?”

“ನಿನ್ನ ಬಾಯಲ್ಲಿ ಸುಳ್ಳು ಬರಲ್ಲ ಅಂತ ಊರಿಗೇ ಗೊತ್ತು,” ಅವನು ಮೆಲ್ಲಗೆ ಹೇಳಿದ. “ಬಾಲ್ಕನಿಗೆ ಹೋಗು. ನಿಜ ಹೇಳ್ಬಿಡು.”

“ಸತ್ತಿರ್ಲಿಲ್ಲ, ಓಡಿಹೋಗಿದ್ರು ಅಂತ ಹೇಳಿ ಡಾಕ್ಟರಮ್ಮ!” ಮೇಷ್ಟ್ರು ಎದ್ದು ಕೂಗಿದರು.

“ಸತ್ತಿದ್ದಾರೆ ಅಂತ ವರ್ಷ ವರ್ಷ ಮೈಕ್ ಹಿಡಿದು ಸಾರಿದ್ದು ನಾವೇ ತಾನೇ ಮೇಷ್ಟ್ರೇ? ‘ಇವರೇ’ ಅನ್ನೋ ಮಾತು ಕಿವಿಗೆ ಬಿದ್ದ ಮೇಲೆ ಕೆಳಗಿರೋ ಜನಕ್ಕೆ ಬೇರೇನು ಕೇಳಿಸುತ್ತೆ?”

“ಮತ್ತೇನು ಮಾಡ್ತೀರಿ ಅತ್ತಿಗೆ?” ನಾದಿನಿಯ ದನಿ ಅಳುವಂತಿತ್ತು.

ಹಲ್ಲು ಕೀಳುವಾಗ ನೋವಾಗುವುದಿಲ್ಲ ಎಂದು ಮಕ್ಕಳಿಗೂ ಸುಳ್ಳು ಹೇಳಿದವಳಲ್ಲ ಡಾಕ್ಟರಮ್ಮ. ಆ ಕಾರಣಕ್ಕೇ ಎಷ್ಟೋ ಮಕ್ಕಳು ಅವಳ ಕುರ್ಚಿಯಿಂದಿಳಿದು ಓಡಿಹೋಗಿದ್ದವು. ಈಗ ಅವಳು ಬಾಲ್ಕನಿಗೆ ನಡೆದಳು. ಜಯಕಾರ ನಿಂತಿತು.

“ಈ ಮನುಷ್ಯ ನನ್ನ ಗಂಡ ಅಲ್ಲ!” ಅವಳ ದನಿ ಬೀದಿಯ ಆ ತುದಿಯವರೆಗೂ ಹೋಯಿತು. “ನನ್ನ ಗಂಡ ಸತ್ತುಹೋಗಿದ್ದಾನೆ. ಇವನ್ಯಾರೋ ನನಗೆ ಗೊತ್ತಿಲ್ಲ!”

ಒಳಗೆ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. ಬದುಕಿನ ಮೊದಲ ಸುಳ್ಳು ಇಷ್ಟು ಹಗುರವಾಗಿರುತ್ತದೆ ಎಂದು ಡಾಕ್ಟರಮ್ಮನಿಗೆ ಯಾರೂ ಹೇಳಿರಲಿಲ್ಲ. ಗಂಡನ ಇಳಿದ ಮುಖವನ್ನು ಕಣ್ತುಂಬ ನೋಡಬೇಕೆಂದು ಅವಳು ತಿರುಗಿದಳು.

ಅವನು ಕಣ್ಣು ಮುಚ್ಚಿ, ಗಡ್ಡ ನೀವಿಕೊಳ್ಳುತ್ತ, ನಗುತ್ತಿದ್ದ.

“ನಡೀತು! ಗುರುಗಳು ಹೇಳಿದ ಹಾಗೇ ನಡೀತು!” ಕೆಳಗೆ ಮುದುಕಿಯೊಬ್ಬಳು ಎರಡೂ ಕೈ ಎತ್ತಿ ಅಳತೊಡಗಿದಳು. “‘ಕೈಹಿಡಿದವಳೇ ನನ್ನನ್ನ ಅಲ್ಲ ಅಂತಾಳೆ’ ಅಂತ ಅವತ್ತೇ ಹೇಳಿದ್ರಲ್ಲಪ್ಪಾ!”